ತಂಗಿ ಟಿ.ವಿ.ಯಾಗ ಬಂದ ಸಂಜಿ

ಹ್ವಾದ ವರ್ಷ ಸಿಂಧನೂರಿನ ಕೇಬಲ್ ಸುದ್ದಿಯವರು ಇಬ್ಬರು ನಮ್ಮ ಮನಿಗೆ ಬಂದಿದ್ರು. ಮೈಕ್ ಹಿಡಿದಾವ ಒಬ್ಬಾವ, ಕ್ಯಾಮೆರಾ ಹಿಡಿದಾಕಿ ಒಬ್ಬಾಕಿ. "ಅಮ್ಮಾ, ಈ ಭಾಗದಾಗ ಮೊದಮೊದಲ ಟಿ.ವಿ. ಬಂದ ಊರಾಗ ನಿಮ್ಮದೂ ಒಂದಂತ. ನಮ್ಮ ಕಡಿ ಸುದ್ದಿ ಅದರಾಗ ಹೆಂಗ ಬರತಿತ್ತು, ನೆನಪಿದ್ದಷ್ಟು ಹೇಳ್ರಿ," ಅಂದ್ರು. ನಾನೂ ಹೇಳಿದೆ. ಶಾಲಿ ಛತ್ತಿನ ಮ್ಯಾಲ ತಂತಿ ಬಲೆಯ ದೊಡ್ಡ ಕೊಡೆ ಇಟ್ಟಿದ್ರು, ಕಟಗಿ ಪೆಟಗಿಯೊಳಗ ಟಿ.ವಿ. ಇತ್ತು, ಊರಿಗೆ ಊರೇ ಅಂಗಳದಾಗ ಕುಂತು ನೋಡತಿತ್ತು ಅಂತ. ಅವರಿಗೆ ಬೇಕಾದದ್ದೂ ಅಷ್ಟೇ ಇತ್ತು. ಚಾ ಕುಡದು, ನಮಸ್ಕಾರ ಮಾಡಿ ಹ್ವಾದ್ರು.

ಖರೇ ಹಕೀಕತ್ತು ನಾ ಹೇಳಲಿಲ್ಲ. ಖರೇ ಹಕೀಕತ್ತಿನ ತುಂಬ ನನ್ನ ಹೊಟ್ಟಿಕಿಚ್ಚೇ ಐತಿ. ಅದನ್ನ ಮೈಕಿನ ಮುಂದ ಹೇಳಿದ್ರ ಮನಿಮಂದಿ ಮಾರಿ ಎಲ್ಲಿ ಇಟ್ಟುಕೋಬೇಕು? ಬರಿಯೋದಾದ್ರ ಬ್ಯಾರೆ. ಕಾಗದಕ್ಕ ನಾಚಿಕಿ ಇಲ್ಲ, ನನಗೂ ಈ ವಯಸ್ಸಿಗೆ ಅಷ್ಟಕ್ಕಷ್ಟೇ.

ನನಗೊಬ್ಬಾಕಿ ತಂಗಿ. ನನಕಿಂತ ಎರಡು ವರ್ಷಕ್ಕ ಸಣ್ಣಾಕಿ. ನಮ್ಮ ತವರು ಮಸ್ಕಿ ಹತ್ರದ ಒಂದು ಹಳ್ಳಿ. ಇಬ್ಬರಿಗೂ ಒಂದೇ ವಾರದಾಗ ಗಂಡು ಬಂದ್ವು. ಒಂದು ಸಂತೆಕಲ್ಲೂರ ಕಡಿದು, ಒಂದು ಗೊರೇಬಾಳ ಕಡಿದು. ಸಂತೆಕಲ್ಲೂರ ಕಡಿ ಮನಿತನಕ್ಕ ಎರಿ ಹೊಲ ಇತ್ತು, ನಾಲ್ಕು ಎತ್ತು ಇದ್ವು, ಕಲ್ಲಿನ ಮನಿ ಇತ್ತು. ಗೊರೇಬಾಳ ಕಡಿಯವರದು ಗುಡಸಲಾ, ಹರಳು ಭೂಮಿ, ಒಂದು ಮುದಿ ಎಮ್ಮಿ. ನಮ್ಮಪ್ಪ ಬ್ಯಾರೆ ಅಪ್ಪಗಳಂಗ ಇರಲಿಲ್ಲ. ನನ್ನನ್ನ ಕರದು ಕೇಳಿದ: "ದೊಡ್ಡಾಕಿ ನೀ. ನೀ ಆರಿಸು. ಉಳದದ್ದು ಸಣ್ಣಾಕಿಗೆ." ನಾ ಬಾಗಲ ಹಿಂದ ನಿಂತು, "ಸಂತೆಕಲ್ಲೂರ ಕಡಿದು," ಅಂದೆ. ತಂಗಿ ಅಲ್ಲೇ ಒಲಿ ಮುಂದ ಕುಂತು ಕೇಳಾಕತ್ತಿದ್ಲು. ಒಂದೇ ಹಂದರದಾಗ ಇಬ್ಬರ ಲಗ್ನ ಆತು.

ಆಗಿನ್ನೂ ಕಾಲುವಿ ಅಗಿಯಾಕತ್ತಿದ್ರು. ಹೊಳಿ ನೀರು ಅಷ್ಟು ದೂರದಿಂದ ನಮ್ಮ ಕಡಿಗೆ ಬರತೈತಿ ಅಂದ್ರ ಯಾರೂ ನಂಬತಿರಲಿಲ್ಲ. "ಬಂದಾಗ ನೋಡೋಣು, ಮೊದಲ ಮಳಿ ಬರಲಿ," ಅಂತಿದ್ರು ನಮ್ಮ ಮಾವನವರು. ನೀರು ಬಂತು. ನಮ್ಮ ಕಡಿಗೆ ಅಲ್ಲ, ಆಕಿ ಕಡಿಗೆ. ಆಕಿ ಗಂಡನ ಹರಳು ಭೂಮಿ ಪಕ್ಕದಾಗನ ಕಾಲುವಿ ಹಾದು ಹೋತು. ನಮ್ಮ ಎರಿ ಹೊಲ ಮೊದಲಿನಂಗ ಮೋಡ ನೋಡಕೋತ ಕುಂತಿತು.

ನೀರು ಬಂದ ಮೊದಲನೇ ವರ್ಷ ನಾ ಆಕಿ ಮನಿಗೆ ಹೋಗಿದ್ದೆ. ಆಂಧ್ರದ ಕಡಿಂದ ಬಂದ ಒಕ್ಕಲು ಮಂದಿ ಊರ ಹೊರಗ ಕ್ಯಾಂಪ್ ಹಾಕ್ಕೊಂಡಿದ್ರು. ಅವರಿಂದ ನೋಡಿ ಕಲತು ನನ್ನ ತಂಗಿ ಮೊಣಕಾಲತನ ಕೆಸರಾಗ ನಿಂತು ಭತ್ತದ ಸಸಿ ಹಚ್ಚಾಕತ್ತಿದ್ಲು. ಜ್ವಾಳದ ಹೊಲದಾಗ ಬೆಳದಾಕಿಗೆ ಕೆಸರಾಗ ನಿಲ್ಲಾಕ ಬರಂಗಿಲ್ಲ ಅಂತ ತಿಳದಿದ್ದೆ. ಆಕಿ ನನ್ನ ನೋಡಿ, ಕೆಸರು ಕೈ ಮ್ಯಾಲೆತ್ತಿ, "ಯಕ್ಕಾ, ಇಳೀಬೇ, ತಂಪೈತಿ," ಅಂತ ನಕ್ಕಳು. ಆ ನಗಿ ನೋಡಿ ನನ್ನ ಹೊಟ್ಟ್ಯಾಗ ಕೊಳ್ಳಿ ಇಟ್ಟಂಗಾತು. ಆ ನೀರು ನಂದಾಗಬೇಕಿತ್ತು. ನಾನ ಬ್ಯಾಡ ಅಂದಿದ್ದೆ. ಬ್ಯಾರೆಯವರು ಕಸಗೊಂಡಿದ್ರ ಅವರನ್ನ ಬೈದು ಹಗುರಾಗಬಹುದಿತ್ತು. ಇಲ್ಲಿ ಯಾರನ್ನ ಬೈಲಿ?

ಆಮ್ಯಾಲಿಂದ ಆಕಿ ಬಂದಾಗೊಮ್ಮೆ ಚೀಲದಾಗ ಅಕ್ಕಿ ಕಟಗೊಂಡು ಬರತಿದ್ಲು. ನಮ್ಮ ಕಡಿ ಅನ್ನ ಅಂದ್ರ ಹಬ್ಬಕ್ಕ, ಇಲ್ಲಾ ಜಡ್ಡು ಬಿದ್ದಾಗ. ನನ್ನ ಮಕ್ಕಳು "ಚಿಗವ್ವ ಬಂದ್ಲು" ಅಂತ ಓಣಿ ತುದಿತನ ಓಡತಿದ್ವು. ಅವಕ್ಕ ಚಿಗವ್ವ ಅಂದ್ರ ಅನ್ನ. ನಾ ಮಾರಿ ಗಂಟು ಹಾಕ್ಕೊಂಡು, "ಅನ್ನ ಉಂಡ್ರ ಹೊಟ್ಟಿ ನಿಲ್ಲಂಗಿಲ್ಲ, ರೊಟ್ಟಿ ತಿನ್ರಿ," ಅಂತಿದ್ದೆ. ಆಮ್ಯಾಲ ಅವು ಬಿಟ್ಟ ಅನ್ನ ಬುಟ್ಯಾಗಿಂದ ತಗದು ನಾನ ತಿಂತಿದ್ದೆ. ನನ್ನ ಗಂಡ ಭಾಳ ಮಾತಾಡೋ ಮನಷ್ಯಾ ಅಲ್ಲ, ಆದ್ರ ನೋಡಿದ್ದನ್ನ ಬಿಡತಿದ್ದಿಲ್ಲ. "ಅಕ್ಕಿ ಮ್ಯಾಲ ಆಸೆ, ನೆಂಟರ ಮ್ಯಾಲ ಪ್ರೀತಿ ಅಂತಾರ. ನಿನಗ ಎರಡೂ ಅದಾವ, ಒಂದನ್ನೂ ಬಾಯಿ ಬಿಟ್ಟು ಹೇಳವಲ್ಲಿ ನೋಡು," ಅಂತಿದ್ದ. ನಾ ಭಾಂಡೆ ಕುಕ್ಕತಿದ್ದೆ.

ನಾ ಆಕಿಗಿಂತ ಮುಂದ ಇದ್ದದ್ದು ಒಂದರಾಗ ಮಾತ್ರ. ಅದು ಬೀಸುಕಲ್ಲಿನ ಹಾಡು.

ನಮ್ಮವ್ವನ ಮನ್ಯಾಗ ಬೀಸೋದಕ್ಕ ಒಂದು ರಿವಾಜು ಇತ್ತು. ಕಲ್ಲಿನ ಎರಡೂ ಕಡಿ ಇಬ್ಬರು ಕುಂದ್ರಬೇಕು. ಗೂಟಕ್ಕ ದೊಡ್ಡಾಕಿ ಕೈ ಕೆಳಗ, ಸಣ್ಣಾಕಿ ಕೈ ಅದರ ಮ್ಯಾಲ. ಹಾಡಿನ ಮೊದಲನೇ ಸಾಲು ದೊಡ್ಡಾಕಿ ಎತ್ತಬೇಕು. ಎರಡನೇದು ಸಣ್ಣಾಕಿ ಹಿಡೀಬೇಕು. ಮೂರನೇದು ಇಬ್ಬರೂ ಕೂಡಿ. ದೊಡ್ಡಾಕಿ ಇರೋತನ ಸಣ್ಣಾಕಿ ಹಾಡು ಎತ್ತೋದು ಅಂತ ಇರಲಿಲ್ಲ. ನಮ್ಮವ್ವ ತನ್ನ ಅಕ್ಕ ಸತ್ತು ವರ್ಷ ತುಂಬಿದ ಮ್ಯಾಲ ಹಾಡು ಎತ್ತಿದಾಕಿ, ಅದಕ್ಕ ಮೊದಲಲ್ಲ. ಒಂದು ಹಾಡು ಅವ್ವ ನಮ್ಮಿಬ್ಬರ ಸಲುವಾಗೇ ಕಟ್ಟಿದ್ಲು. ನಾ ಎತ್ತತಿದ್ದೆ:

ಒಂದ ಗೂಟದ ಮ್ಯಾಲ ಅಕ್ಕನ ಕೈ ಮುಂದ

ಆಕಿ ಹಿಡೀತಿದ್ಲು:

ತಂಗೀಯ ಕೈಯಿ ಅದರ ಮ್ಯಾಲ

ಆಮ್ಯಾಲ ಇಬ್ಬರೂ:

ಕಲ್ಲವ್ವ ತಿರುಗ, ನಮ್ಮವ್ವ ಹಸದಾಳ

ನನ್ನ ದನಿ ಗಟ್ಟಿ, ಆಕಿದು ಸಣ್ಣದು. ಓಣಿ ಹೆಣಮಕ್ಕಳು ನಸುಕಿನ್ಯಾಗ ನೀರು ತರಾಕ ಹೊಂಟವರು ನಮ್ಮ ಬಾಗಲದಾಗ ಕೊಡ ಇಳಿಸಿ ನಿಲ್ಲತಿದ್ರು. "ದೊಡ್ಡಾಕಿ ಎತ್ತಿದ್ಲಂದ್ರ ಎತ್ತಿದ್ಲು ನೋಡು," ಅಂತಿದ್ರು. ಸಣ್ಣಾಕಿ ಬಗ್ಗೆ ಯಾರೂ ಏನೂ ಅಂತಿದ್ದಿಲ್ಲ. ಕಾಲುವಿ ಆಕಿದು, ಅನ್ನ ಆಕಿದು, ನನ್ನ ಮಕ್ಕಳ ಪ್ರೀತಿನೂ ಅರ್ಧ ಆಕಿದು ಆದಾಗ ನಾ ಹಿಡಕೊಂಡು ಕುಂತದ್ದು ಇದೊಂದನ್ನ. ಎತ್ತೋಳು ನಾ. ಆಕಿ ಹಿಡಿಯೋಳು.

ಅವ್ವ ಹ್ವಾದ ಮ್ಯಾಲ ತಂಗಿ ನನ್ನ ಕೇಳಿದ್ಲು, "ಯಕ್ಕಾ, ಅವ್ವನ ಕಲ್ಲು ನಾ ಒಯ್ಯಲೇನು?" ನನ್ನ ಗಂಡನ ಮನ್ಯಾಗ ಅದಕ್ಕಿಂತ ದೊಡ್ಡ ಕಲ್ಲಿತ್ತು. "ಒಯ್ಯಿ, ನನಗ್ಯಾಕ," ಅಂದೆ. ಆಕಿ ಬಂಡ್ಯಾಗ ಹುಲ್ಲು ಹಾಸಿ ಕಲ್ಲು ಮಲಗಿಸಿ ಒಯ್ದಳು. ಆ ಬಂಡಿ ಹೊಳ್ಳಿ ಕಣ್ಣಿಗೆ ಮರಿ ಆಗೋದ್ರಾಗ ನನಗ ಹೊಟ್ಟಿ ಉರಿಯಾಕತ್ತಿತು. ಅಕ್ಕಿ ಉಣ್ಣೋ ಮನ್ಯಾಗ ಜ್ವಾಳದ ಕಲ್ಲು ಯಾತಕ್ಕ? ಭತ್ತಕ್ಕ ಗಿರಣಿ ಐತಿ, ಬೀಸೋದೇನೈತಿ? ಕೇಳಿದ ಕೂಡಲೇ ಕೊಟ್ಟ ನನ್ನ ಬಾಯಿಗೆ ಮಣ್ಣು ಹಾಕಬೇಕಿತ್ತು. ಎರಡನೇ ಸಲನೂ ನಾನ ಬ್ಯಾಡ ಅಂದದ್ದು, ಎರಡನೇ ಸಲನೂ ಉಳದದ್ದು ಆಕಿ ಪಾಲಿಗೆ ಹೋತು.

ಹಿಂಗಿರಬೇಕಾದ್ರ ಎಪ್ಪತ್ತರ ದಶಕದ ನಡುವ ಲಿಂಗಸುಗೂರ ಕಡಿಂದ ಒಂದು ಜೀಪು ನಮ್ಮೂರಿಗೆ ಬಂತು. ಸಾಹೇಬರು ಇಳದು ಶಾಲಿ ನೋಡಿದ್ರು. ಕರೆಂಟ್ ಐತಿ, ಛತ್ತು ಗಟ್ಟಿ ಐತಿ, ಅಂಗಳ ದೊಡ್ಡದೈತಿ ಅಂತ ಬರಕೊಂಡ್ರು. ಆಮ್ಯಾಲ ಲಾರ್‍ಯಾಗ ಟಿ.ವಿ. ಬಂತು. ಆಕಾಶದಾಗ ಒಂದು ಉಪಗ್ರಹ ಬಿಟ್ಟಾರಂತ, ಅದರಿಂದ ಸೀದಾ ನಮ್ಮ ಶಾಲಿ ಮ್ಯಾಲಿನ ಕೊಡೆಗೆ ಚಿತ್ರ ಬೀಳತಾವಂತ. ಮಾಸ್ತರ್ರು ಹಿಂಗ ತಿಳಿಸಿ ಹೇಳಿದ್ರು. ಟಿ.ವಿ. ಪೆಟಗಿ ಕೀಲಿನೂ ಅವರ ಕೈಯಾಗ ಇತ್ತು. ನನಗ ಉಪಗ್ರಹ ಬೇಕಿರಲಿಲ್ಲ. ನನಗ ಬೇಕಾದ ಸುದ್ದಿ ಒಂದೇ ಇತ್ತು. ನಾ ಕೇಳಿದೆ, "ಮಾಸ್ತರ, ಗೊರೇಬಾಳ ಕಡಿ ಊರಿಗೂ ಬಂದೈತೇನ್ರಿ?" "ಇಲ್ಲ, ಟಿ.ವಿ. ಕೊಟ್ಟ ಊರುಗಳ ಪಟ್ಟಿಯೊಳಗ ಆ ಕಡಿದು ಯಾವ ಊರೂ ಇಲ್ಲ," ಅಂದ್ರು.

ಅವತ್ತು ನಾ ಊರಾಗ ನಡದದ್ದು ನೀವು ನೋಡಬೇಕಿತ್ತು. ನೀರು ತರಾಕ ಹೋಗೋ ಹಾದಿಯೊಳಗ ನಾಲ್ಕು ಮಂದಿ ಕೂಡ ನಿಂತು ಮಾತಾಡಿದೆ. ಸೋಮವಾರ ನನ್ನ ಗಂಡ ಸಿಂಧನೂರಿಗೆ ಹೊಂಟಾಗ, "ಹಾದ್ಯಾಗ ಆಕಿ ಮನಿಗೆ ಹೋಗಿ ಬರ್ರಿ. ನಮ್ಮೂರಿಗೆ ಟಿ.ವಿ. ಬಂದೈತಿ, ಬಂದು ನೋಡಿ ಹೋಗು ಅನ್ರಿ," ಅಂದೆ.

"ನೋಡಲಿ ಅಂತ ಕರಿಯಾಕತ್ತೀಯೋ, ಉರೀಲಿ ಅಂತ ಕರಿಯಾಕತ್ತೀಯೋ?" ಅಂದ ನನ್ನ ಗಂಡ.

"ಎರಡೂ," ಅಂದೆ. ಅವನ ಮುಂದ ಏನ್ ಮುಚ್ಚೋದು.

ಆಕಿ ಬಂದ್ಲು. ಮಕ್ಕಳನ್ನ ಕರಕೊಂಡು, ಮತ್ತ ಅಕ್ಕಿ ಚೀಲ ತಗೊಂಡು. ಸಂಜಿಮುಂದ ಶಾಲಿ ಅಂಗಳದಾಗ ಮುಂದಿನ ಸಾಲಿನ್ಯಾಗ ನಾ ಆಕಿನ್ನ ಕುಂದ್ರಿಸಿದೆ, ಟಿ.ವಿ. ನಂದೇ ಅನ್ನೋಹಂಗ. ಮಾಸ್ತರ್ರು ಕೀಲಿ ತಗದ್ರು. ಮೊದಲ ನಮ್ಮ ಭಾಷಾದ ಪಾಳಿ, ಆಮ್ಯಾಲ ತೆಲುಗಿನದು. ಕನ್ನಡದ ಪಾಳಿಯೊಳಗ ಹಳ್ಳಿ ಸುದ್ದಿ ಅಂತ ಒಂದು ಬರತಿತ್ತು. ಅವತ್ತು ಅದು ಸುರು ಆತು. ಏನ್ ಬಂತು ಅಂತೀರಿ? ಕಾಲುವಿ. ನೀರು ಬಿಟ್ಟದ್ದು, ಭತ್ತ ಹಚ್ಚಿದ್ದು, ಗೊಬ್ಬರ ಎರಚಿದ್ದು. ತಂಗಿ ಬೆರಳು ಮಾಡಿ, "ಯಕ್ಕಾ, ನಮ್ಮ ಕಡಿದು ಇದ್ದಂಗೈತಲ್ಲ," ಅಂದ್ಲು. ಖುಷಿಯಿಂದ ಅಂದ್ಲು, ಕುಟಕಬೇಕಂತ ಅಲ್ಲ. ನನಗ ಕುಟಕಿದಂಗ ಆತು.

ಆಮ್ಯಾಲ ದಿನಾ ನೋಡಿದೆ. ನಮ್ಮ ಒಣ ಭೂಮಿ ಒಂದು ದಿನ ಬರಲಿಲ್ಲ. ತೊಗರಿ ಬರಲಿಲ್ಲ, ಜ್ವಾಳ ಬರಲಿಲ್ಲ, ಕುರಿ ಬರಲಿಲ್ಲ. ಬಂದ್ರ ಅದೇ ನೀರು, ಅದೇ ಹಸರು. ಟಿ.ವಿ. ನಮ್ಮೂರಿಗೆ ಬಂದಿತ್ತು, ಖರೆ. ಅದರೊಳಗ ಇದ್ದದ್ದು ಆಕಿ ಊರು. ಒಂದು ದಿನ ತಡೀಲಾರದ ಮಾಸ್ತರ್ರನ್ನ ಕೇಳಿದೆ, "ಮಾಸ್ತರ, ಕೊಡೆ ಮಾರಿ ಗೊರೇಬಾಳ ಕಡಿ ಮಾಡ್ಯಾರೇನ್ರಿ? ನಮ್ಮ ಹೊಲದ ಕಡಿ ಒಂಚೂರು ತಿರುಗಿಸ್ರಿ." ಅವರು ನಗು ತಡಕೊಂಡು, "ಅವ್ವಾ, ಕೊಡೆ ಮಾರಿ ಪಡುವಣಕ್ಕ ಐತಿ. ಗೊರೇಬಾಳ ಮೂಡಣಕ್ಕ," ಅಂದ್ರು. ಹೊರಗ ಬಂದು ನೋಡಿದೆ. ಖರೆನ ಇತ್ತು. ಕೊಡೆ ನಮ್ಮ ಹೊಲದ ಕಡಿನ ಬಾಯಿ ತಕ್ಕೊಂಡು ಕುಂತಿತ್ತು, ಆಕಿ ಊರಿಗೆ ಬೆನ್ನು ಮಾಡಿತ್ತು. ಬೆನ್ನು ಮಾಡಿದ್ರೂ ಆಕಿ ಊರೇ ಕಾಣತೈತಿ ಅಂದ್ರ ನಾ ಇನ್ನೇನ್ ಮಾಡ್ಲಿ. ಆ ಮಾತು ಊರಾಗ ಹಬ್ಬಿ, ಭಾಳ ದಿನ ಮಂದಿ ನನ್ನ ನೋಡಿದ್ರ ಸಾಕು, "ಕೊಡೆ ತಿರುಗಿಸಲೇನವ್ವಾ?" ಅಂತ ಕಾಡಸತಿದ್ರು.

ಮಳಿಗಾಲ ಮುಗಿಯೋ ಹೊತ್ತಿಗೆ ತಂಗಿಯಿಂದ ಒಂದು ಕಾರ್ಡು ಬಂತು. ಆಕಿ ಎರಡನೇ ಇಯತ್ತೆಗೆ ಶಾಲಿ ಬಿಟ್ಟಾಕಿ, ಅಕ್ಷರ ಜ್ವಾಳ ಚೆಲ್ಲಿದಂಗ ಇದ್ವು. "ಯಕ್ಕಾ, ಟಿ.ವಿ.ಯವರು ನಮ್ಮೂರಿಗೆ ಬಂದಿದ್ರು. ಭತ್ತ ನೋಡಾಕ ಬಂದವರು ನಮ್ಮ ಅಂಗಳದಾಗ ಅವ್ವನ ಕಲ್ಲು ನೋಡಿ, ಹಾಡು ಬರತೈತೇನು ಅಂತ ಕೇಳಿದ್ರು. ಅಕ್ಕ ಎತ್ತತಾಳ, ನಾ ಹಿಡೀತೀನಿ ಅಂದೆ. ಬರೋ ಸೋಮವಾರ ಕ್ಯಾಮೆರಾ ತಗೊಂಡು ಮತ್ತ ಬರತಾರಂತ. ನೀ ಬಾ. ನೀ ಇಲ್ಲದ ಆಗಂಗಿಲ್ಲ."

ನಾ ಆ ಕಾರ್ಡು ಮೂರು ಸಲ ಓದಿದೆ. ಮೂರೂ ಸಲ ಬ್ಯಾರೆ ಬ್ಯಾರೆ ಸಿಟ್ಟು ಬಂತು. ಟಿ.ವಿ. ಇರೋದು ನಮ್ಮೂರಾಗ, ಕ್ಯಾಮೆರಾ ಹೋಗೋದು ಆಕಿ ಊರಿಗೆ. ಹಾಡು ಎತ್ತೋಳು ನಾ, ಕಲ್ಲು ಇರೋದು ಆಕಿ ಅಂಗಳದಾಗ. ನಾ ಬಸ್ಸು ಹಿಡದು, ನೆಂಟರಾಕಿ ಆಗಿ, ಆಕಿ ಮನ್ಯಾಗ ಆಕಿ ಹಾಕಿದ ಅನ್ನ ಉಂಡು, ಆಕಿ ಕಾಲುವಿ ಮುಂದ ಕುಂತು ಹಾಡಬೇಕು. ನೋಡಿದವರು ಏನಂತಾರ? ನೀರಾವರಿ ಮನಿಯಾಕಿ ಹಾಡಿದ್ಲು, ಜೋಡಿಗೆ ಆಕಿ ಅಕ್ಕನೂ ಬಂದಿದ್ಲು ಅಂತಾರ. ಹೋಗದಿದ್ರ ಏನಾಗತೈತಿ ಅಂತನೂ ನನಗ ಗೊತ್ತಿತ್ತು. ಆಕಿ ಒಬ್ಬಾಕೆ ಕುಂತು ಹಾಡು ಎತ್ತತಾಳ. ಒಮ್ಮೆ ಎತ್ತಿದ್ಲಂದ್ರ ಮುಗೀತು. ನನ್ನ ಪಾಲಿಗೆ ಉಳದಿದ್ದ ಒಂದೂ ಹೋತು, ನಾವು ಅಕ್ಕ ತಂಗಿ ಅನ್ನೋದೂ ಅದರ ಕೂಡ ಹೋತು. ಎತ್ತಲಿ, ಎತ್ತಿ ಬಿಡಲಿ, ಆಮ್ಯಾಲ ಆಕಿ ಮಾರಿ ನೋಡೋ ಹಂಗಿಲ್ಲ ನನಗ ಅಂತ ಮನಸಿನ್ಯಾಗ ಗಂಟು ಹಾಕ್ಕೊಂಡೆ. ಕಾರ್ಡು ಹಿಟ್ಟಿನ ಡಬ್ಬಿ ಕೆಳಗ ಇಟ್ಟೆ.

ಸೋಮವಾರ ಮುಂಜಾನಿ ನನ್ನ ಗಂಡ ಎತ್ತಿಗೆ ಮೇವು ಹಾಕ್ಕೋತ, "ಮಸ್ಕಿ ಬಸ್ಸು ಇನ್ನ ಹೋಗಿಲ್ಲ," ಅಂದ. ಕಾರ್ಡಿನ ಸುದ್ದಿ ನಾ ಅವಗ ಹೇಳಿರಲಿಲ್ಲ. ಹಿಟ್ಟು ತಗಿಯೋವಾಗ ನೋಡಿರಬೇಕು.

"ನನ್ನ ಕಾಲು ನೋಯಾಕತ್ತೈತಿ," ಅಂದೆ.

"ಕಾಲೇನು?"

"ಹೂಂ, ಕಾಲು."

ಅವ ಉಳದ ಮೇವು ಎತ್ತಿನ ಮುಂದ ಒಗದ. ಬಸ್ಸು ಹಾರ್ನ್ ಹೊಡದು ಹೋತು. ನಾ ಬೇಕಂತನ ದೊಡ್ಡ ಕಲ್ಲಿನ ಮುಂದ ಕುಂತು ಬೀಸಿದೆ, ಹಾಡದ. ಮನ್ಯಾಗ ನಾಲ್ಕು ದಿನಕ್ಕ ಆಗೋವಷ್ಟು ಹಿಟ್ಟು ಇತ್ತು.

ಒಂದು ತಿಂಗಳಾಗಿತ್ತೋ ಏನೋ. ಸಂಜಿಮುಂದ ಶಾಲಿ ಅಂಗಳದಾಗ ಕುಂತಿದ್ದೆ. ನಾ ಈಗ ಮುಂದಿನ ಸಾಲಿನ್ಯಾಗ ಕುಂದ್ರತಿದ್ದಿಲ್ಲ, ಹಿಂದ ಕಂಪೌಂಡ್ ಗ್ವಾಡಿಗೆ ಒರಗಿ ಕುಂದ್ರತಿದ್ದೆ. ಹಳ್ಳಿ ಸುದ್ದಿ ಸುರು ಆತು. ಕಾಲುವಿ ಬಂತು, ಭತ್ತದ ರಾಶಿ ಬಂತು. ಸುದ್ದಿ ಓದೋ ಹೆಣಮಗಳು, "ಕಾಲುವೆ ಭಾಗದ ಬೀಸುವ ಹಾಡು ಈಗ ಕೇಳಿ," ಅಂದ್ಲು. ಕಾಲುವಿ ಭಾಗದ ಹಾಡಂತ. ಒಣ ಭೂಮ್ಯಾಗ ಹುಟ್ಟಿ, ಜ್ವಾಳದ ಜೋಡಿ ಬೆಳದ ಹಾಡಿಗೆ ನೀರು ಹಾಯಿಸಿಬಿಟ್ಟಿದ್ರು. ನನ್ನ ಹಲ್ಲು ಕಟಕಟ ಅಂದ್ವು.

ಆಮ್ಯಾಲ ತಂಗಿ ಬಂದ್ಲು. ತಲಿ ತುಂಬ ಸೆರಗು, ಮುಂದ ಅವ್ವನ ಕಲ್ಲು. "ಏ, ನಮ್ಮ ಚಿಗವ್ವ," ಅಂತ ನನ್ನ ಮಗಳು ಎದ್ದು ನಿಂತಳು. ಊರೆಲ್ಲಾ ಹೊಳ್ಳಿ ನನ್ನ ಕಡಿ ನೋಡಿತು. ಆ ಸಣ್ಣ ಪೆಟಗಿಯೊಳಗ ಆಕಿ ಚೆಂದ ಕಾಣತಿದ್ಲು, ಅದೂ ನನಗ ಸಂಕಟನೇ ಆತು. ಈಗ ಎತ್ತತಾಳ, ಈಗ ಎತ್ತತಾಳ ಅಂತ ನಾ ಸೆರಗು ಮುಷ್ಟಿಯೊಳಗ ಹಿಡಕೊಂಡು ಕುಂತೆ.

ಕಲ್ಲು ತಿರುಗಿತು. ಆಕಿ ಬಾಯಿ ತಗೀಲಿಲ್ಲ. ಬರೇ ಗರ್‍ರ ಅನ್ನೋ ಸಪ್ಪಳ. ಮಂದಿ, "ದನಿ ಹೋತು, ಮಾಸ್ತರ, ದನಿ ಹೋತು," ಅಂದ್ರು. ಮಾಸ್ತರ್ರು ಎದ್ದು ಗುಂಡಿ ತಿರುವಿದ್ರು. ಅಷ್ಟರಾಗ ಆಕಿ ದನಿ ದೊಡ್ಡದಾಗಿ ಬಂತು:

ತಂಗೀಯ ಕೈಯಿ ಅದರ ಮ್ಯಾಲ
ಕಲ್ಲವ್ವ ತಿರುಗ, ನಮ್ಮವ್ವ ಹಸದಾಳ

ಮುಂದ ಕುಂತಿದ್ದ ಒಬ್ಬ ಮುದುಕಪ್ಪ, "ಅದರ ಮ್ಯಾಲ ಅಂದ್ರ ಯಾದರ ಮ್ಯಾಲವ್ವಾ? ಮೊದಲ ಅದನ್ನ ಹೇಳು," ಅಂದ. ಅಂಗಳ ಎಲ್ಲಾ ನಕ್ಕಿತು. ನಾನೂ ನಕ್ಕೆ. ಸುಳ್ಳು ಯಾಕ ಹೇಳಲಿ, ಎಲ್ಲಾರಕಿಂತ ಮೊದಲ ನಕ್ಕಾಕಿ ನಾನ ಇರಬೇಕು. ಆಡಿಕೊಳ್ಳೋರ ಮುಂದ ಎಡವಿ ಬಿದ್ಲು, ಬೀಳಲಿ ಅಂದ್ಕೊಂಡೆ. ನಾ ಇಲ್ಲದ ಹಾಡಾಕ ಹೋದ್ರ ಹಿಂಗ ಆಗೋದು ಅಂತ ಒಳಗೊಳಗ ಹಿಗ್ಗು ಆತು.

ಎರಡನೇ ನುಡಿ ಸುರು ಆತು. "ಜ್ವಾಳ ಹಾಕುವ ಮುಷ್ಟಿ ಹಿರಿಯಾಕಿ ಮುಷ್ಟ್ಯವ್ವ" ಅಂತ ನಾ ಎತ್ತೋ ಸಾಲು ಅದು. ಆಕಿ ಮತ್ತ ಸುಮ್ಮನ ಕಲ್ಲು ತಿರುವಿದ್ಲು. ಆವಾಗ ನಾ ಆಕಿ ಕೈ ನೋಡಿದೆ. ಗೂಟದ ತುದಿ ಹಿಡಕೊಂಡಿದ್ಲು. ಒಬ್ಬಾಕೆ ಬೀಸೋಳು ಗೂಟ ಬುಡಕ್ಕ ಹಿಡೀತಾಳ, ಇಲ್ಲಂದ್ರ ತೋಳು ಹರಿತಾವ. ಆಕಿ ತುದಿ ಹಿಡದು, ಕೆಳಗ ಒಂದು ಕೈ ಹಿಡಿಯೋವಷ್ಟು ಜಾಗ ಬಿಟ್ಟಿದ್ಲು. ಕಲ್ಲಿನ ಆ ಕಡಿ ಕುಂದ್ರಾಕ ಒಂದು ಕಟಗಿ ಮಣಿ ಇತ್ತು, ಅದರ ಮ್ಯಾಲ ಯಾರೂ ಇರಲಿಲ್ಲ. ನಾ ಮನಸಿನ್ಯಾಗ ನನ್ನ ಸಾಲು ಹಾಡಿಕೊಂಡೆ. ನಾ ಮುಗಿಸಿದ ಗಳಿಗಿಗೆ ಬರೋಬ್ಬರಿ ಆಕಿ ಹಿಡದ್ಲು:

ಹಿಟ್ಟು ಬಳಿಯೂದು ಕಿರಿಯಾಕಿ
ರೊಟ್ಟಿ ತಟ್ಟೂದು ಇಬ್ಬರ

ಮಂದಿ ಇನ್ನೂ ನಗಾಕತ್ತಿದ್ರು. ನನ್ನ ನಗಿ ಬಾಯಾಗನ ಒಣಗಿತು. ಆಕಿ ಮರತಿರಲಿಲ್ಲ. ಒಂದೊಂದು ಸಾಲಿಗೂ ನನ್ನ ಸಲುವಾಗಿ ಕಾಯಾಕತ್ತಿದ್ಲು, ಅಷ್ಟು ಮಂದಿ ಸಾಹೇಬರ ಮುಂದ, ಕ್ಯಾಮೆರಾದ ಮುಂದ.

ಮೂರನೇ ನುಡಿ ಅವ್ವ ನಮ್ಮ ಲಗ್ನ ಆದ ಮ್ಯಾಲ ಕೂಡಿಸಿದ್ದು. "ಅಕ್ಕ ಹ್ವಾದಳು ಒಂದು ಊರಿಗೆ ಸೊಸಿಯಾಗಿ" ಅಂತ ನಾ ಎತ್ತಬೇಕು. ಕಲ್ಲು ತಿರುಗಾಕತ್ತಿತು. ನನ್ನ ತುಟಿ ಅಲುಗಿದ್ವು, ನನಗ ಗೊತ್ತಾತು. ದನಿ ಹೊರಗ ಬರಲಿಲ್ಲ. ಇಷ್ಟು ಮಂದ್ಯಾಗ ಟಿ.ವಿ. ಜೋಡಿ ಹಾಡಿದ್ರ ಕೊಡೆ ತಿರುಗಿಸಾಕ ಹೇಳಿದಾಕಿ ಈಗ ಪೂರಾ ಹುಚ್ಚಿ ಆದ್ಲು ಅಂತಾರ ಅನಿಸಿತು. ಆ ಜಾಗ ಖಾಲಿನೇ ಹೋತು. ಆಕಿ ಹಿಡದ್ಲು:

ತಂಗಿ ಹ್ವಾದಳು ಇನ್ನೊಂದ
ಕಲ್ಲಿಗೆ ಕಿವಿಯಿಟ್ಟು ಕೇಳ್ಯಾರ

ಅಲ್ಲಿಗೆ ಕಡದ್ರು. ಗೊಬ್ಬರದ ಸುದ್ದಿ ಬಂತು.

ಮುಗಿದ ಮ್ಯಾಲ ಮಾಸ್ತರ್ರು ಪೆಟಗಿಗೆ ಕೀಲಿ ಹಾಕ್ಕೋತ ನನ್ನ ಕೇಳಿದ್ರು, "ನಿಮ್ಮ ತಂಗಿ ಅಲ್ಲೇನವ್ವಾ? ಚೊಲೋ ದನಿ. ಆದ್ರ ನಡುನಡುವ ಯಾಕ ಹಂಗ ಸುಮ್ಮನಾದ್ರು?"

"ಮರತಿರಬೇಕ್ರಿ," ಅಂದೆ.

ಅಷ್ಟೇ ಅಂದೆ. ಅಕ್ಕ ಬಂದಿಲ್ಲ ಅಂತ ಸುಮ್ಮನಾದ್ಲು ಅನ್ನೋದಕ್ಕ ಎಷ್ಟೊತ್ತು ಬೇಕಿತ್ತು? ನನ್ನ ಬಾಯಿಗೆ ಅದು ಬರಲಿಲ್ಲ. ಆಕಿ ಮರತ್ಲು ಅನ್ನೋ ಮಾತು ಮಾತ್ರ ಎಣ್ಣಿ ಹಚ್ಚಿದಂಗ ಜಾರಿ ಬಂತು. ಮನಿಗೆ ಬಂದ ಮ್ಯಾಲ ರೊಟ್ಟಿ ಇಳೀಲಿಲ್ಲ. ನನ್ನ ಮ್ಯಾಲ ನನಗ ಹೇಸಿಗಿ ಬಂತು. ಕಾಲುವಿಗೆ ಹೊಟ್ಟಿಕಿಚ್ಚು ಪಟ್ಟಾಗ ಬರಲಿಲ್ಲ, ಅಕ್ಕಿಗೆ ಪಟ್ಟಾಗ ಬರಲಿಲ್ಲ, ಈ ಒಂದು ಮಾತಿಗೆ ಬಂತು. ನನ್ನ ಗಂಡ ಉಂಡು ಕೈ ತೊಳದು, "ಮಸ್ಕಿ ಬಸ್ಸು ಏಳೂವರಿಗೆ," ಅಂದ.

"ಗೊತ್ತೈತಿ," ಅಂದೆ.

ಮುಂಜಾನಿ ಒಂದು ಗಂಟು ಬಿಳಿಜ್ವಾಳ ಕಟಗೊಂಡು ಬಸ್ಸು ಹತ್ತಿದೆ. ಮಸ್ಕಿಯೊಳಗ ಇಳದು ಸಿಂಧನೂರ ಬಸ್ಸು ಹಿಡದೆ, ಅಲ್ಲಿಂದ ಗೊರೇಬಾಳ ಕಡಿ ಹೊಂಟ ಭತ್ತದ ಬಂಡಿ ಹತ್ತಿದೆ. ಆಕಿ ಮನಿ ಮುಟ್ಟೋದ್ರಾಗ ಹೊತ್ತು ನೆತ್ತಿಗೆ ಬಂದಿತ್ತು. ಆಕಿ ಅಂಗಳದಾಗ ಭತ್ತ ಹರವಾಕತ್ತಿದ್ಲು. ನನ್ನ ನೋಡಿ ಕೈಯಾಗಿನ ಭತ್ತ ಎಳಿಯೋ ಹಲಿಬಿ ಕೆಳಗ ಇಟ್ಟು ನಿಂತಳು. ಓಡಿ ಬರೋಳು ಯಾವಾಗ್ಲೂ, ಅವತ್ತು ಓಡಿ ಬರಲಿಲ್ಲ. ನೀರಿನ ತಂಬಿಗಿ ತಂದು ಕೊಟ್ಟಳು, ಕಾಲು ನೋವು ಹೆಂಗೈತಿ ಅಂತ ಕೇಳಿದ್ಲು. ನನ್ನ ಗಂಡ ಸಂತಿಗೆ ಹ್ವಾದಾಗ ಸಿಕ್ಕು ಅಷ್ಟು ಹೇಳಿದ್ದನಂತ. ಹುಷಾರ್ ಐತಿ ಅಂದೆ.

ಆಮ್ಯಾಲ ಆಕಿ ಮೆಲ್ಲಕ ಕೇಳಿದ್ಲು, "ಯಕ್ಕಾ, ನಿಮ್ಮೂರ ಟಿ.ವಿ.ಯಾಗ ನಾ ಬಂದ್ನೇನು?"

ಆಕಿ ಊರಾಗ ಟಿ.ವಿ. ಇರಲಿಲ್ಲ. ತಾ ಹೆಂಗ ಕಂಡ್ಲು ಅಂತ ಆಕಿ ನೋಡೇ ಇರಲಿಲ್ಲ. ಆಕಿ ಊರಾಗ ಇಲ್ಲ ಅನ್ನೋ ಖುಷಿಯಿಂದನ ಅಲ್ಲೇನು ನಾ ಊರ ತುಂಬ ಮೆರದಾಡಿದ್ದು.

"ಬಂದಿದ್ದಿ," ಅಂದೆ.

"ಹೆಂಗ ಕಾಣತಿದ್ದೆ?"

"ಕರ್‍ರಗ ಕಾಣತಿದ್ದಿ," ಅಂದೆ. ಚೆಂದ ಕಾಣತಿದ್ದಿ ಅನ್ನಬೇಕಂತನ ಬಾಯಿ ತಗದಿದ್ದೆ. ಆಕಿಗೆ ನಗು ಬಂತು. ಆಕಿ ನಕ್ಕದ್ದು ನೋಡಿ ನನಗ ತಡೀಲಿಲ್ಲ. "ಊರೆಲ್ಲಾ ನಕ್ಕಿತು ಬೇ. ನಾನೂ ನಕ್ಕೆ. ಮಾಸ್ತರ್ರು ಕೇಳಿದ್ರ, ಮರತಿರಬೇಕು ಅಂತ ಹೇಳಿದೆ," ಅಂದೆ. ಎಲ್ಲಾ ಒಂದೇ ಉಸರಿನ್ಯಾಗ ಹೇಳಿಬಿಟ್ಟೆ.

ಆಕಿ ಭತ್ತದಾಗಿನ ಒಂದು ಹರಳು ಆರಿಸಿ ಒಗದ್ಲು. ಟಿ.ವಿ.ಯವರೂ ಭಾಳ ಹೇಳಿದ್ರಂತ, ಪೂರಾ ಹಾಡವ್ವಾ, ಅರ್ಧಮರ್ಧ ಹಾಡಿದ್ರ ಚೊಲೋ ಕಾಣಂಗಿಲ್ಲ ಅಂತ. ಆ ಸಾಲು ನನ್ನ ಪಾಲಿನದಲ್ಲ ಅಂದ್ಲಂತ ಈಕಿ. ಅವರು ಆ ಮಣಿ ತಗೀ ಅಂದ್ರಂತ, ಅದನ್ನೂ ತಗೀಲಿಲ್ಲಂತ. "ಹೊತ್ತು ಮುಳಗೋತನ ನಿನ್ನ ಬಸ್ಸಿನ ಹಾದಿ ನೋಡಿದೆ," ಅಂದ್ಲು.

"ಎತ್ತಬೇಕಿತ್ತಿಲ್ಲೇನು? ನಿನಗೇನ್ ಬರಂಗಿಲ್ಲೇನು ಮೊದಲಿನ ಸಾಲು?"

"ಬರತೈತಿ," ಅಂದ್ಲು. "ಆದ್ರ ನೀ ಇನ್ನ ಬದುಕೀದಿಯಲ್ಲ ಯಕ್ಕಾ. ನಾ ಹೆಂಗ ಎತ್ತಲಿ?"

ನಾ ತಂದ ಗಂಟು ಬಿಚ್ಚಿದೆ. ಆಕಿ ಜ್ವಾಳ ನೋಡಿದ್ಲು, ನನ್ನ ಮಾರಿ ನೋಡಿದ್ಲು, ಎದ್ದು ಕಲ್ಲು ಸೆರಗಿನಿಂದ ವರಸಿದ್ಲು. ಆ ಕಡಿಯ ಮಣಿ ಇದ್ದಲ್ಲೇ ಇತ್ತು. ಒಂದು ಕೋಳಿ ಕುಂತಿತ್ತು ಅದರ ಮ್ಯಾಲ, ಅದನ್ನ ಓಡಿಸಿ ನಾ ಕುಂತೆ. ಗೂಟದ ಬುಡಕ್ಕ ಕೈ ಹಾಕಿದೆ. ಅದರ ಮ್ಯಾಲ ಆಕಿ ಕೈ ಹಾಕಿದ್ಲು, ಕೆಸರಿಗೆ ಬಿರುಕು ಬಿಟ್ಟ ಕೈ. ಒಂದು ಮುಷ್ಟಿ ಜ್ವಾಳ ಹಾಕಿದೆ. ಕಲ್ಲು ತಿರುಗಿತು.

ಎತ್ತಬೇಕಂತ ಬಾಯಿ ತಗದೆ. ದನಿ ಹೊಂಡಲಿಲ್ಲ. ಒಂದು ಸುತ್ತು ಹೋತು, ಎರಡು ಸುತ್ತು ಹೋತು. ತಂಗಿ ನನ್ನ ಮಾರಿ ನೋಡಲಿಲ್ಲ. ತಲಿ ಬಗ್ಗಿಸಿ ಕಲ್ಲು ತಿರುವಿಕೋತ, ಟಿ.ವಿ.ಯಾಗ ಕಾದಂಗ ಕಾದ್ಲು.